ಗಜಬೇಟೆಕಾರ ಮತ್ತು ಬಹರಿ ಬಹದ್ದೂರ

ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಮನುವು ಮೊದಲು ಹೆಸರಿಸಿರುವುದು ಮೃಗಯೆಯನ್ನು. ಕೌಟಿಲ್ಯನೂ ಅದನ್ನು ವ್ಯಸನಗಳ ಸಾಲಿನಲ್ಲಿಯೇ ಇಟ್ಟನಾದರೂ, ದ್ಯೂತಕ್ಕಿಂತ ಅದು ಲೇಸೆಂದನು. ಬೇಟೆಯಿಂದ ಮೈಯ ಕೊಬ್ಬು ಕರಗುವುದು, ಓಡುವ ಗುರಿಗೆ ಬಾಣ ತಾಗಿಸುವ ಅಭ್ಯಾಸವಾಗುವುದು ಎಂಬುದು ಆತನ ವಾದ. ಶಾಸ್ತ್ರದ ಮಾತು ಹೀಗಿರಲು, ನಮ್ಮ ಅರಸರು ಬೇಟೆಯ ಹೆಸರನ್ನೇ ಬಿರುದಾಗಿ ಧರಿಸಿ ಮೆರೆದುದು ವಿಚಾರಾರ್ಹವಾಗಿದೆ.

ಅಂತಹ ಬಿರುದುಗಳಲ್ಲಿ ಪ್ರಸಿದ್ಧವಾದುದು ವಿಜಯನಗರದ ಇಮ್ಮಡಿ ದೇವರಾಯನ ‘ಗಜಬೇಟೆಕಾರ’ ಎಂಬುದು. ಆನೆಗಳಂತೆ ಮದಿಸಿದ ಶತ್ರುರಾಜರನ್ನು ಬೇಟೆಯಾಡಿದವನು ಎಂದು ಕೆಲವು ವಿದ್ವಾಂಸರು ಇದಕ್ಕೆ ಅರ್ಥ ಹೇಳುವರು. 1443ರಲ್ಲಿ ಆತನು ಮುದಗಲ್ಲನ್ನು ಹಿಡಿದು ರಾಯಚೂರಿಗೆ ಮುತ್ತಿಗೆ ಹಾಕಿದುದನ್ನು ನೆನೆದರೆ, ಈ ಸೀಮೆಯವರಿಗೆ ಆ ಅರ್ಥವು ರುಚಿಸಲೂಬಹುದು. ಆದರೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಅದೇ ವರ್ಷ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಆನೆ ಹಿಡಿಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ಆನೆಗಳು ನೀರಿಗೆ ಬರುವ ದಾರಿಯಲ್ಲಿ ಗುಂಡಿ ತೋಡಿ ಮೇಲೆ ಹಗುರವಾಗಿ ಮುಚ್ಚುವರು. ಬಿದ್ದ ಆನೆಯ ಹತ್ತಿರ ಎರಡು ಮೂರು ದಿನ ಯಾರೂ ಸುಳಿಯರು. ಬಳಿಕ ಒಬ್ಬನು ಬಂದು ಕೋಲಿನಿಂದ ಹೊಡೆಯುವನು. ಇನ್ನೊಬ್ಬನು ಬಂದು ಹೊಡೆಯುವವನನ್ನು ಓಡಿಸಿ, ಆನೆಗೆ ಮೇವಿಕ್ಕುವನು. ಹೀಗೆ ಕೆಲವು ದಿನ ನಡೆಯಲು, ಮೇವಿಕ್ಕಿದವನಲ್ಲಿ ಆನೆಗೆ ವಿಶ್ವಾಸ ಹುಟ್ಟುವುದು. (ರಾಜನೀತಿಯಲ್ಲಿಯೂ ಈ ಉಪಾಯ ಅಪರಿಚಿತವಲ್ಲ.) ಇದು ಕೊಲ್ಲುವ ಬೇಟೆಯಲ್ಲ, ಸೇನೆಗೆ ಆನೆ ದೊರಕಿಸುವ ಬೇಟೆ. ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನೇ ವಿಧಿಸಿದ್ದನು ಕೌಟಿಲ್ಯ. ಆದುದರಿಂದ ದೇವರಾಯನ ಬಿರುದನ್ನು ನೇರವಾದ ಅರ್ಥದಲ್ಲಿ ಗ್ರಹಿಸುವುದೇ ಯುಕ್ತವೆಂದು ತೋರುತ್ತದೆ.

ಇನ್ನೊಂದು ಬಿರುದು ಕೃಷ್ಣೆಯ ಆಚೆ ದಡದ್ದು. ಸುರಪುರದ ನಾಯಕರು ‘ಬಲವಂತ ಬಹರಿ ಬಹದ್ದೂರ’ ಎನಿಸಿಕೊಂಡರು. ಬಹರಿ ಎಂದರೆ ಬೇಟೆಗೆ ಪಳಗಿಸುವ ಗಿಡುಗ. ನಮ್ಮವರ ಬಾಯಲ್ಲಿ ಅದು ಬೈರಿ. ಅಹಮ್ಮದನಗರದ ನಿಜಾಮಶಾಹಿಯವರಿಗೂ ಬಹರಿ ಎಂಬ ಹೆಸರಿತ್ತು. ಆದರೆ ಅವರ ಪೂರ್ವಜನೊಬ್ಬನ ‘ಭೈರವ’ ಎಂಬ ಹೆಸರು ರಾಜಕುಮಾರನ ನಾಲಗೆಗೆ ತಿರುಗದೆ ಬಹರಿಯಾಯಿತೆಂದು ಫಿರಿಸ್ತಾ ಎಂಬ ಚರಿತ್ರಕಾರನು ಹೇಳುತ್ತಾನೆ. ಸುರಪುರದವರ ವಿಷಯದಲ್ಲಿ ಇಂತಹ ಕಥೆಯ ಹಂಗು ಬೇಡ. ಬೇಡರ ಕುಲದ ದೊರೆಗಳಿಗೆ ಗಿಡುಗನ ಬಿರುದಿಗಿಂತ ಒಪ್ಪುವುದು ಯಾವುದು? ಪದವು ಹೊರಗಿನಿಂದ ಬಂದಿತೆಂದ ಮಾತ್ರಕ್ಕೆ ವಿದ್ಯೆಯೂ ಹೊರಗಿನದೆನ್ನಲಾಗದು. ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ಇಪ್ಪತ್ತು ವಿನೋದಗಳನ್ನು ವರ್ಣಿಸುತ್ತ, ಮೃಗಯಾವಿನೋದದಿಂದ ಬೇರ್ಪಡಿಸಿ ಶ್ಯೇನವಿನೋದವನ್ನು ಹೇಳಿದ್ದಾನೆ.

ದೇವದುರ್ಗವೂ ಬೇಡ ಪಾಳೆಯಗಾರರ ನೆಲೆಯಾಗಿತ್ತು. ಈ ಜನರ ಬೇಟೆಯ ಕೈಚಳಕವೇ ಯುದ್ಧದಲ್ಲಿಯೂ ಉಪಯೋಗಕ್ಕೆ ಬಂದಿತು. 1705ರಲ್ಲಿ ಔರಂಗಜೇಬನು ಮುದಿವಯಸ್ಸಿನಲ್ಲಿ ತಾನೇ ಬಂದು ಮುತ್ತಿದ ವಾಗಿನಗೇರಿಯು ಇವರದೇ ಕೋಟೆ. ಕೋಟೆ ಕೈಸೇರಿತು, ನಾಯಕನು ಸೇರಲಿಲ್ಲ.

ಆದರೆ ಆಂಗ್ಲರ ಕಾಲಕ್ಕೆ ಬೇಟೆಗಾರನ ಕೈಯ ಆಯುಧವೇ ಅಪರಾಧವೆನಿಸತೊಡಗಿತು. 1857ರಲ್ಲಿ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತು, ಊರೇ ಉರಿದುಹೋಗುವುದನ್ನು ಕಂಡರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ಮೇಲೆ ಎದ್ದನು. ಬಾಲ್ಯದಲ್ಲಿ ತನ್ನ ಸಂಸ್ಥಾನವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಅವನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಸೆರೆಸಿಕ್ಕ ದೊರೆಗೆ ವಿಧಿಸಿದ ಶಿಕ್ಷೆಯನ್ನು ನಾಲ್ಕು ವರ್ಷಗಳ ಬಂಧನಕ್ಕೆ ಇಳಿಸಲಾಯಿತು. ಆದರೆ ಆ ಬಂಧನದ ಸ್ಥಳವನ್ನು ಸೇರುವ ಮುನ್ನವೇ ಅವನು ಗುಂಡೇಟಿನಿಂದ ಮಡಿದನು. 1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ಬಹರಿ ಬಹದ್ದೂರನೆಂದು ಆ ಗದ್ದುಗೆಯಿಂದ ನಾಡನ್ನಾಳಿದವರಲ್ಲಿ ವೆಂಕಟಪ್ಪನೇ ಕೊನೆಯವನು.