ನಕಲಿ

ಅರಬ್ ನಾಡಿನ ಶುಐಬಾದಂಥ ಬಂದರು ಊರಿನಲ್ಲಿ ‘ನಕ್ಲ್’ ಎಂದರೆ ಸರಕು ಸಾಗಣೆ. ಒಯ್ಯುವುದು ಎಂಬ ಅರ್ಥದ ಆ ಅರಬ್ಬಿ ಪದಕ್ಕೆ ಬರಹವನ್ನು ಪ್ರತಿ ಮಾಡುವುದು ಎಂಬ ಅರ್ಥವೂ ಉಂಟು. ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಬರುವಾಗ ಸಾಗಣೆ ಉದುರಿತು, ಪ್ರತಿ ಉಳಿಯಿತು.

ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ನಕಲು ಬೆಲೆಯುಳ್ಳ ಕಾಗದ; ಪರೀಕ್ಷಾ ಕೊಠಡಿಯಲ್ಲಿ ನಕಲು ಅಪರಾಧ. ‘ನಕಲಿ’ಗಂತೂ ಮೋಸದ ಅರ್ಥವೊಂದೇ. ಅದರ ಎದುರಾಳಿ ‘ಅಸಲಿ’ಯೂ ಅರಬ್ಬಿ ಮೂಲದ್ದೇ: ‘ಅಸ್ಲ್’ ಎಂದರೆ ಬೇರು.

ಈ ಜೋಡಿಪದ ಈಗ ಚಿಪ್‌ಗಳ ಲೋಕದಲ್ಲೂ ಬಳಕೆಯಲ್ಲಿದೆ. ನಕಲಿ ಚಿಪ್ ಹೆಚ್ಚಾಗಿ ಇ-ತ್ಯಾಜ್ಯದ ಬೋರ್ಡಿನಿಂದ ಕಿತ್ತ ಹಳೆಯ ಚಿಪ್ಪೇ. ಮೇಲ್ಮೈ ಉಜ್ಜಿ ಹೊಸ ಹೆಸರು, ಹೊಸ ತಾರೀಖು ಅಚ್ಚು ಹಾಕಿರುತ್ತಾರೆ. ಯಂತ್ರದ ನಿಯಂತ್ರಕದೊಳಗೆ ಅಂಥದ್ದು ಸೇರಿದರೆ ಅಪಾಯ ಸಣ್ಣದಲ್ಲ.

ಮೇಲಿನ ಅಚ್ಚನ್ನು ನಂಬದೆ ಸಿಲಿಕಾನಿನ ಒಡಲನ್ನೇ ಗುರುತಾಗಿಸುವ ತಂತ್ರ ‘ಪಫ್’. ಸಿಲಿಕಾನ್ ಚಿಪ್‌ಗೆ ಅದನ್ನು ಅಳವಡಿಸುವ ದಾರಿಯನ್ನು 2002ರಲ್ಲಿ ಎಂಐಟಿಯ ಶ್ರೀನಿವಾಸ್ ದೇವದಾಸ್ ಮತ್ತು ಸಂಗಡಿಗರು ತೋರಿಸಿದರು. ಒಂದೇ ನಕ್ಷೆಯಿಂದ ತಯಾರಾದರೂ ಎರಡು ಚಿಪ್‌ಗಳ ಟ್ರಾನ್ಸಿಸ್ಟರುಗಳಲ್ಲಿ ಸೂಕ್ಷ್ಮ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಹಾಗಾಗಿ ವಿದ್ಯುತ್ ಹರಿದೊಡನೆ ಎಸ್‌ರ್‍ಯಾಮ್ ಸ್ಮೃತಿಕೋಶಗಳಲ್ಲಿ ಮೂಡುವ ಸೊನ್ನೆ-ಒಂದರ ಸಾಲು ಪ್ರತಿ ಚಿಪ್‌ಗೂ ಬೇರೆ. ತಯಾರಕರು ಮೊದಲೇ ದಾಖಲಿಸಿಟ್ಟ ಸಾಲಿಗೆ ತಾಳೆ ನೋಡಿದರೆ ಅದು ಯಾವ ಚಿಪ್, ಎಂದು ತಯಾರಾದದ್ದು ಎಂಬುದು ಹೊರಬೀಳುತ್ತದೆ.