ಬಿಡಾರ ಕೀಳುವ ಏಪ್ರಿಲ್

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ ಕ್ವಾರ್ಟ್ಸ್‌ಸೈಟ್ ಎಂಬ ಮರುಭೂಮಿಯ ಊರಿದೆ. 2010ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 3,677. ಆದರೆ ಜನವರಿಯಲ್ಲಿ ಆ ಊರನ್ನು ಕಂಡವರು ಈ ಅಂಕಿಯನ್ನು ನಂಬಲಾರರು. ಸುತ್ತಲಿನ ಕಲ್ಲುಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಆರ್‌ವಿಗಳು ನಿಂತಿರುತ್ತವೆ. ಮಂಚ, ಒಲೆ, ಶೌಚಾಲಯ, ನೀರಿನ ತೊಟ್ಟಿಗಳನ್ನೆಲ್ಲ ಒಡಲಲ್ಲಿಟ್ಟುಕೊಂಡು ಸಂಚರಿಸುವ ಮನೆಗಳಿವು. ಇವುಗಳ ಒಡೆಯರಲ್ಲಿ ಹೆಚ್ಚಿನವರು ನಿವೃತ್ತರು. ಉತ್ತರದ ರಾಜ್ಯಗಳ ಮತ್ತು ಕೆನಡಾದ ಹಿಮದಿಂದ ತಪ್ಪಿಸಿಕೊಂಡು ಬಂದವರು. ಅವರನ್ನು ಅಲ್ಲಿ ‘ಸ್ನೋಬರ್ಡ್’ ಎಂದರೆ ಹಿಮಹಕ್ಕಿಗಳೆಂದು ಕರೆಯುವುದು ವಾಡಿಕೆ. ಏಪ್ರಿಲ್ ನಡುವಿನ ಹೊತ್ತಿಗೆ ಬಯಲು ಮತ್ತೆ ಬರಿದಾಗುತ್ತದೆ.

ಇದನ್ನು ಅನುಕೂಲಸ್ಥ ವೃದ್ಧರ ವಿಹಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ವಾರ್ಷಿಕ ವಲಸೆಯ ಹಿಂದೆ ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಮುಪ್ಪನ್ನು ಎಲ್ಲಿ ಕಳೆಯಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು, ಸರ್ಕಾರಿ ನೆಲದ ಮೇಲೆ ಯಾರು ಎಷ್ಟು ದಿನ ನಿಲ್ಲಬಹುದು ಎಂಬ ಪ್ರಶ್ನೆಗಳು ಆ ಚರಿತ್ರೆಯುದ್ದಕ್ಕೂ ಎದುರಾಗುತ್ತವೆ. ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗೆ ಈ ಪ್ರಶ್ನೆಗಳು ಪರಕೀಯವೇನಲ್ಲ.

ಕತೆ ಫ್ಲಾರಿಡಾದಿಂದ ಆರಂಭವಾಗುತ್ತದೆ. 1919ರಲ್ಲಿ ಟ್ಯಾಂಪಾ ನಗರದ ಡಿ ಸೋಟೊ ಪಾರ್ಕಿನಲ್ಲಿ ಬಿಡಾರ ಹೂಡಿದ್ದ ಪ್ರವಾಸಿಗಳು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿಕೊಂಡರು. ಫೋರ್ಡ್ ಕಂಪನಿಯ ಅಗ್ಗದ ಮಾಡೆಲ್ ಟಿ ಕಾರು ಅದಾಗಲೇ ಸಾಮಾನ್ಯರ ಕೈಗೆಟುಕಿತ್ತು. ಅದಕ್ಕೆ ಗುಡಾರ ಬಿಗಿದು, ಡಬ್ಬಿಯಲ್ಲಿ ತುಂಬಿದ ಆಹಾರವನ್ನು ಹೇರಿಕೊಂಡು ಅವರು ದಕ್ಷಿಣಕ್ಕೆ ಬರುತ್ತಿದ್ದರು. ರೇಡಿಯೇಟರಿನ ಮುಚ್ಚಳಕ್ಕೆ ಬೆಸೆದ ತಗಡಿನ ಡಬ್ಬಿಯೇ ಸದಸ್ಯರ ಗುರುತು. ಚಳಿಗಾಲವನ್ನು ಬೆಚ್ಚಗಿನ ಊರಿನಲ್ಲಿ ಕಳೆಯುವುದು ಅದುವರೆಗೆ ದೊಡ್ಡ ಹೋಟೆಲುಗಳಲ್ಲಿ ತಂಗಬಲ್ಲ ಸಿರಿವಂತರ ಸುಖವಾಗಿತ್ತು. ಆ ಸುಖವನ್ನು ಬೀದಿಗೆ ಇಳಿಸಿದವರು ಈ ಡಬ್ಬಿಯವರು. ಸ್ಥಳೀಯರಿಗೆ ಅವರ ಬಗ್ಗೆ ಮಿಶ್ರಭಾವವಿತ್ತು. ಜನ ಬೇಕು, ಆದರೆ ಹಣ ಬಿಚ್ಚದ ಜನ ಬೇಡ ಎಂಬ ಗೊಣಗಾಟ ಎಲ್ಲ ಪ್ರವಾಸಿ ಊರುಗಳಲ್ಲಿಯೂ ಇರುವಂಥದೇ.

1930ರ ದಶಕದ ಮಹಾ ಆರ್ಥಿಕ ಕುಸಿತ ಈ ಮಿಶ್ರಭಾವದ ಇನ್ನೊಂದು ಮುಖವನ್ನು ತೋರಿಸಿತು. ಧೂಳುಗಾಳಿಗೂ ಸಾಲಕ್ಕೂ ಜಮೀನು ಕಳೆದುಕೊಂಡ ಓಕ್ಲಹೋಮಾ ಮತ್ತು ಅದರ ನೆರೆರಾಜ್ಯಗಳ ರೈತರು ಹಳೆಯ ಕಾರುಗಳಲ್ಲಿ ಸಂಸಾರ ಹೇರಿಕೊಂಡು ಅರಿಜೋನಾದ ಮರುಭೂಮಿಯನ್ನು ದಾಟಿ ಕ್ಯಾಲಿಫೋರ್ನಿಯಾದತ್ತ ಸಾಗಿದರು. ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿ ಅವರದೇ ಕತೆ. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ ತನ್ನ ನಗರದ ಎಲ್ಲೆಯನ್ನೂ ಮೀರಿ ರಾಜ್ಯದ ಗಡಿಗಳಿಗೆ 136 ಪೊಲೀಸರನ್ನು ಕಳುಹಿಸಿ, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕಟ್ಟಿಸಿದ. ಅದೇ ದಶಕದಲ್ಲಿ ಫ್ಲಾರಿಡಾದ ಸಾರಸೋಟ ನಗರ ಟಿನ್ ಕ್ಯಾನ್ ಸಂಘದ ಚಳಿಗಾಲದ ಸಮಾವೇಶಕ್ಕೆ ಆತಿಥ್ಯ ನೀಡುತ್ತಿತ್ತು. ಚಕ್ರದ ಮೇಲಿನ ಸಂಸಾರ ಎರಡೂ ಕಡೆ ಒಂದೇ. ಹಿಂತಿರುಗಲು ಒಂದು ಮನೆಯಿರುವವನು ಅತಿಥಿಯಾದ, ಇಲ್ಲದವನು ಅಲೆಮಾರಿಯೆನಿಸಿದ.

ವೃದ್ಧರು ಅತಿಥಿಗಳ ಸಾಲಿಗೆ ಸೇರುವಂತಾದದ್ದಕ್ಕೆ ಮುಖ್ಯ ಕಾರಣ ಒಂದು ಶಾಸನ. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯಿದೆಗೆ ಸಹಿ ಹಾಕಿದರು. ಅದರಡಿ ಮೊದಲ ಮಾಸಿಕ ಪಿಂಚಣಿ ಪಡೆದವರು ಹಿಮಪ್ರಾಂತವಾದ ವರ್ಮಾಂಟಿನ ಐಡಾ ಮೇ ಫುಲ್ಲರ್. 1940ರ ಜನವರಿ 31ರ ತಾರೀಖು ಹೊತ್ತ ಆ ಚೆಕ್ಕಿನ ಮೊತ್ತ 22 ಡಾಲರ್ 54 ಸೆಂಟ್. ಆಕೆ ನೂರು ವರ್ಷ ಬದುಕಿದರು. ಮೊತ್ತ ಚಿಕ್ಕದು, ಆದರೆ ತಿಂಗಳು ತಿಂಗಳು ತಪ್ಪದೆ ಬರುವ ಹಣಕ್ಕೆ, ಅದೆಷ್ಟೇ ಇರಲಿ, ಮುಪ್ಪಿನಲ್ಲಿ ಎಂಥ ತೂಕವಿದೆಯೆಂಬುದು ಪಿಂಚಣಿದಾರರ ಮನೆಗಳಲ್ಲಿ ಬೆಳೆದ ನಮಗೆ ಗೊತ್ತು. ಮಕ್ಕಳ ಮುಂದೆ ಕೈಚಾಚದ ಮುದುಕರು ಮಕ್ಕಳ ಊರಿನಲ್ಲೇ ಇರಬೇಕಾದ ಅಗತ್ಯವೂ ಕಡಿಮೆಯಾಯಿತು.

ಉಳಿದ ಅನುಕೂಲಗಳು ಒಂದರ ಹಿಂದೊಂದು ಬಂದವು. 1956ರ ಹೆದ್ದಾರಿ ಕಾಯಿದೆ 41,000 ಮೈಲಿಗಳ ಅಂತರರಾಜ್ಯ ರಸ್ತೆಜಾಲಕ್ಕೆ ಅಡಿಪಾಯ ಹಾಕಿತು. 1960ರ ಜನವರಿ 1ರಂದು ಫೀನಿಕ್ಸ್ ನಗರದ ಬಳಿ ಡೆಲ್ ವೆಬ್ ಎಂಬ ಉದ್ಯಮಿಯ ಕಂಪನಿ ನಿವೃತ್ತರಿಗೆಂದೇ ಕಟ್ಟಿದ ‘ಸನ್ ಸಿಟಿ’ ಬಾಗಿಲು ತೆರೆಯಿತು. 1965ರಲ್ಲಿ ವೃದ್ಧರ ವೈದ್ಯಕೀಯ ವೆಚ್ಚಕ್ಕಾಗಿ ಮೆಡಿಕೇರ್ ಬಂದಿತು. 1966ರಲ್ಲಿ ಐಯೊವಾದ ವಿನೆಬೇಗೊ ಕಂಪನಿ ಮೋಟಾರು ಮನೆಗಳ ತಯಾರಿಕೆಗೆ ಇಳಿಯಿತು. ಹೀಗೆ ಸರ್ಕಾರದ ರಸ್ತೆ, ಸರ್ಕಾರದ ಪಿಂಚಣಿ, ಸರ್ಕಾರದ ವಿಮೆ ಇವುಗಳ ಮೇಲೆ ನಿಂತ ಬದುಕು ಸ್ವತಂತ್ರ ವ್ಯಕ್ತಿಯ ಸ್ವಚ್ಛಂದ ಸಂಚಾರವೆಂದು ಹೆಸರಾಯಿತು.

ಕ್ವಾರ್ಟ್ಸ್‌ಸೈಟಿನ ಸುತ್ತಲಿನ ಬಯಲು ಕೂಡ ಬಹುಪಾಲು ಕೇಂದ್ರ ಸರ್ಕಾರದ್ದೇ. ಭೂನಿರ್ವಹಣಾ ಇಲಾಖೆಯ ಸಾಮಾನ್ಯ ನಿಯಮದಂತೆ ಅಲ್ಲಿ ಒಂದೆಡೆ 14 ದಿನ ಮಾತ್ರ ತಂಗಬಹುದು. ಬರುವವರ ಸಂಖ್ಯೆ ಏರಿ ಮರುಭೂಮಿಯ ಸೂಕ್ಷ್ಮ ನೆಲಕ್ಕೆ ಹಾನಿ ಹೆಚ್ಚಿದಾಗ, ಅವರನ್ನು ಓಡಿಸುವ ಬದಲು ಇಲಾಖೆ 1983ರಲ್ಲಿ ದೀರ್ಘಾವಧಿ ತಂಗುದಾಣಗಳನ್ನು ಗುರುತಿಸಿತು. ಊರಿಗೆ ಹೊಂದಿಕೊಂಡಿರುವ ಲಾ ಪೋಸಾ ಅಂಥದೊಂದು. ಅದರ ವಿಸ್ತೀರ್ಣ ಸುಮಾರು 11,400 ಎಕರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಏಳು ತಿಂಗಳ ಪರವಾನಗಿಯ ಶುಲ್ಕ ಬಹಳ ವರ್ಷ 180 ಡಾಲರ್ ಇತ್ತು. ಬೇಲಿ ಹಾಕುವಂತಿಲ್ಲ, ಶೆಡ್ಡು ಕಟ್ಟುವಂತಿಲ್ಲ. ಕಡತಗಳ ನಡುವೆ ಕೆಲಸ ಮಾಡುವ ನಮಗೆ ಈ ನಿಯಮಾವಳಿಯಲ್ಲಿ ಒಂದು ಅಪರೂಪದ ವಿವೇಕ ಕಾಣುತ್ತದೆ. ‘ಇರಿ, ಆದರೆ ಬೇರು ಬಿಡಬೇಡಿ’ ಎಂದು ಅದು ಹೇಳುತ್ತದೆ. ಸಿರಿವಂತನ ಬಸ್ಸಿನಂಥ ವಾಹನಕ್ಕೂ ಬಡವನ ಹಳೆಯ ವ್ಯಾನಿಗೂ ಶುಲ್ಕ ಒಂದೇ, ಕೊನೆಯ ದಿನವೂ ಒಂದೇ.

ಬೇರಿಲ್ಲದ ಕಡೆ ನೆರೆಹೊರೆ ಹುಟ್ಟೀತೆ? ಪಾಪುವಾ ನ್ಯೂಗಿನಿಯ ಸಮುದಾಯವೊಂದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದ ಡೊರೊಥಿ ಮತ್ತು ಡೇವಿಡ್ ಕೌಂಟ್ಸ್ ಎಂಬ ಮಾನವಶಾಸ್ತ್ರಜ್ಞ ದಂಪತಿ ಈ ಪ್ರಶ್ನೆಯನ್ನು ಹಿಡಿದು ಸ್ವತಃ ಆರ್‌ವಿಯಲ್ಲಿ ತಿರುಗಿದರು. 1996ರಲ್ಲಿ ಪ್ರಕಟವಾದ ಅವರ ‘ಓವರ್ ದಿ ನೆಕ್ಸ್ಟ್ ಹಿಲ್’ ಕೃತಿ ಹುಟ್ಟೀತೆಂದೇ ಹೇಳುತ್ತದೆ. ಊಟ ಹಂಚಿಕೊಳ್ಳುವುದು, ಕೆಟ್ಟ ಯಂತ್ರಕ್ಕೆ ಕೈ ಹಚ್ಚುವುದು, ಕಾಯಿಲೆ ಬಿದ್ದವರನ್ನು ವಿಚಾರಿಸಿಕೊಳ್ಳುವುದು ಇವೇ ಅಲ್ಲಿ ನಂಟಸ್ತಿಕೆಯ ನೂಲುಗಳು. ಪರಊರಿನ ಕನ್ನಡ ಸಂಘಗಳಲ್ಲಿ ಕೋಸಂಬರಿ ಹಂಚಿ ಬಂಧುಗಳಾದ ನಮಗೆ ಈ ಮಾತಿಗೆ ಬೇರೆ ಪುರಾವೆ ಬೇಡ.

ಮಾರ್ಚ್ ತಿಂಗಳು ಬಿಸಿಲೇರಿದಂತೆ ಬಿಡಾರ ಕೀಳುವ ಕೆಲಸ ಶುರುವಾಗುತ್ತದೆ. ಮುಂದೆ ಬೇಸಿಗೆಯಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಿತ್ಯದ ಸಂಗತಿ. ಕೆನಡಾದವರಿಗೆ ದಿನಗಳ ಲೆಕ್ಕ ಬೇರೆ ಇದೆ. ಒಂಟಾರಿಯೊ ಪ್ರಾಂತದವರು ಹನ್ನೆರಡು ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಸರ್ಕಾರಿ ಆರೋಗ್ಯ ವಿಮೆಗೆ ಕುತ್ತು ಬರಬಹುದು. ನೆರಳಿಗೆ ಕಟ್ಟಿದ ಪರದೆ ಸುತ್ತಬೇಕು, ಕೊಳಕುನೀರಿನ ತೊಟ್ಟಿ ಬರಿದು ಮಾಡಬೇಕು, ತಿಂಗಳುಗಟ್ಟಲೆ ಉರುಳದ ಟಯರುಗಳ ಗಾಳಿ ನೋಡಬೇಕು. ಉಳಿದ ದಿನಸಿ ಇನ್ನೂ ಕೆಲವು ದಿನ ಇರುವ ನೆರೆಯವರ ಪಾಲು. ‘ಮುಂದಿನ ವರ್ಷ ಕಾಣೋಣ’ ಎಂಬ ಬೀಳ್ಕೊಡುಗೆ ಎಪ್ಪತ್ತು ದಾಟಿದವರ ಬಾಯಲ್ಲಿ ಬರಿಯ ಉಪಚಾರದ ಮಾತಾಗಿ ಉಳಿಯುವುದಿಲ್ಲ.

ಹಿಂತಿರುಗಲು ಮನೆಯನ್ನೇ ಉಳಿಸಿಕೊಳ್ಳದವರೂ ಇದ್ದಾರೆ. ಅಂಥ ಪೂರ್ಣಾವಧಿ ಸಂಚಾರಿಗಳಿಗಾಗಿ ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ‘ಎಸ್ಕೇಪೀಸ್’ ಸಂಘವನ್ನು ಸ್ಥಾಪಿಸಿದರು. ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿರುವ ಅದರ ಕಚೇರಿ ಸದಸ್ಯರಿಗೆ ಅಂಚೆ ವಿಳಾಸವಾಯಿತು. ಅಲ್ಲಿಯೇ ವಯಸ್ಸಾಗಿ ವಾಹನ ಓಡಿಸಲಾಗದವರು ತಮ್ಮ ಆರ್‌ವಿಯಲ್ಲೇ ಇದ್ದು ಆರೈಕೆ ಪಡೆಯುವ ಕೇಂದ್ರವೂ ಇದೆ. ಚಕ್ರ ನಿಂತ ಮೇಲೆಯೂ ಮನೆ ಅದೇ. 2008ರ ಕುಸಿತದ ನಂತರ ಬಯಲಿಗೆ ಬಂದವರ ಪೈಕಿ ಇಷ್ಟಪಟ್ಟು ಬಂದವರ ಜೊತೆಗೆ ಮನೆ, ಉಳಿತಾಯ ಕಳೆದುಕೊಂಡವರೂ ಸೇರಿದರು. ಜೆಸ್ಸಿಕಾ ಬ್ರೂಡರ್ 2017ರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ದಾಖಲಿಸಿದ್ದು ಅವರ ಬದುಕನ್ನು. 1936ರ ಗಡಿಯಲ್ಲಿ ಬೇರೆಬೇರೆಯಾಗಿ ಕಂಡ ಅತಿಥಿ ಮತ್ತು ಅಲೆಮಾರಿ ಇಲ್ಲಿ ಪಕ್ಕಪಕ್ಕದಲ್ಲೇ ಬಿಡಾರ ಹೂಡಿದ್ದಾರೆ.

ಈ ಊರಿನ ಸ್ಮಶಾನದಲ್ಲಿ ತುದಿಗೆ ಲೋಹದ ಒಂಟೆಯಿರುವ ಪುಟ್ಟ ಪಿರಮಿಡ್ ಒಂದಿದೆ. 1856ರಲ್ಲಿ ಅಮೆರಿಕದ ಸೈನ್ಯ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ ಅವುಗಳೊಡನೆ ಬಂದ ಹಾಜಿ ಅಲಿಯ ಸಮಾಧಿ ಅದು. ಅವನ ಹೆಸರನ್ನು ಉಚ್ಚರಿಸಲಾಗದ ಜನ ‘ಹೈ ಜಾಲಿ’ ಎಂದರು. ಒಂಟೆಗಳ ಪ್ರಯೋಗ ನಿಂತುಹೋಯಿತು. ಆತ ಮಾತ್ರ ಹಿಂತಿರುಗದೆ 1902ರಲ್ಲಿ ಅಲ್ಲಿಯೇ ತೀರಿಕೊಂಡ. 1935ರಲ್ಲಿ, ಎಂದರೆ ಪಿಂಚಣಿಯ ಕಾಯಿದೆ ಬಂದ ವರ್ಷವೇ, ರಾಜ್ಯದ ಹೆದ್ದಾರಿ ಇಲಾಖೆ ಅವನಿಗೆ ಈ ಸ್ಮಾರಕ ಕಟ್ಟಿತು.

ನಮ್ಮ ಕ್ವಾರ್ಟರ್ಸ್‌ಗಳಲ್ಲಿಯೂ ಒಂದು ಏಪ್ರಿಲ್ ಇದೆ. ಅದು ಯಾವ ತಿಂಗಳಲ್ಲಾದರೂ ಬರಬಹುದು. ನಿವೃತ್ತಿಯ ಹಾರ ಬಾಡುವ ಮೊದಲೇ ಮನೆ ತೆರವಿನ ಗಡುವಿನ ಲೆಕ್ಕ ಆರಂಭವಾಗುತ್ತದೆ. ತುಳಸಿಯ ಕುಂಡ ನೆರೆಮನೆಗೆ, ಹಳೆಯ ಮಾಸಪತ್ರಿಕೆಗಳು ಸಂಘದ ಕಪಾಟಿಗೆ, ಉಳಿದದ್ದು ಲಾರಿಗೆ. ಮೂವತ್ತು ವರ್ಷ ‘ನಮ್ಮೂರು’ ಎಂದು ಕರೆದ ಊರಿನಲ್ಲಿ ಈಗ ನಮ್ಮನ್ನು ಬಲ್ಲವರೆಷ್ಟು ಎಂಬ ಪ್ರಶ್ನೆಯನ್ನು ಅಂಥ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕ್ವಾರ್ಟ್ಸ್‌ಸೈಟಿನ ಮುದುಕರಿಗೆ ಸೆಪ್ಟೆಂಬರ್ 15ರ ಭರವಸೆಯಾದರೂ ಇದೆ. ನಾವು ಬಿಟ್ಟ ಮನೆ ಮರುವಾರವೇ ಇನ್ನೊಬ್ಬರ ಹೆಸರಿಗೆ ಮಂಜೂರಾಗಿರುತ್ತದೆ.