ಅಜ್ಜನ ರಾಜ ಕುದುರೆ ಏರಿದ ದಿನ

ಮೊನ್ನೆ ರಾತ್ರಿ ಊಟವಾದ ಮೇಲೆ ‘ಒಂದೇ ಒಂದು ಆಟ’ ಅಂತ ಮೊಬೈಲ್ ಹಿಡಿದು ಕೂತವನು ಸಾಲಾಗಿ ಏಳು ಆಟ ಸೋತೆ. ಐದೈದು ನಿಮಿಷದ ಚೆಸ್ಸು. ಎದುರಿಗಿದ್ದವರು ಯಾವ ದೇಶದವರೋ, ಎಷ್ಟು ವಯಸ್ಸಿನವರೋ ದೇವರಿಗೇ ಗೊತ್ತು. ಏಳನೆಯ ಆಟವಂತೂ ಗೆದ್ದೇ ಬಿಟ್ಟಿದ್ದೆ, ಕೈಯಾರೆ ಕಳೆದುಕೊಂಡೆ. ವರ್ಷವಿಡೀ ಒದ್ದಾಡಿ ಏರಿಸಿಕೊಂಡಿದ್ದ ರೇಟಿಂಗು ಒಂದು ತಾಸಿನಲ್ಲಿ ಇಳಿದುಹೋಯಿತು. ನನ್ನ ಮುಖ ನೋಡಿದ ಮನೆಯಾಕೆ, “ನೀವು ಖುಷಿಗೆ ಆಡ್ತೀರೋ, ಸಂಕಟಕ್ಕ ಆಡ್ತೀರೋ?” ಅಂದಳು.

ಉತ್ತರ ಹೊಳೆಯಲಿಲ್ಲ. ನಿದ್ದೆಯೂ ಬರಲಿಲ್ಲ. ಹೊರಳಾಡುತ್ತಿದ್ದಾಗ ನೆನಪಾದದ್ದು ಬ್ಯಾಡಗಿಯ ನನ್ನ ಅಜ್ಜ.

ಅಜ್ಜ ಅಂದರೆ ತಾಯಿಯ ತಂದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಹಂಗಾಮು ಮುಗಿದು ಕೆಲಸ ತಣ್ಣಗಾದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಂಗಡಿಯ ಕಟ್ಟೆಯ ಮೇಲೆ ಚದುರಂಗ ಶುರುವಾಗುತ್ತಿತ್ತು. ಹಲಗೆ ಗಿಲಗೆ ಇಲ್ಲ, ಕಡಪಾ ಕಲ್ಲಿನ ಮೇಲೆ ಬಳಪದಿಂದ ಎಳೆದ ಗೆರೆಗಳು. ಕರಿ-ಬಿಳಿ ಮನೆಗಳಿಲ್ಲ, ಬರೀ ಅರವತ್ನಾಲ್ಕು ಚೌಕ. ಕಾಯಿಗಳು ಕಟ್ಟಿಗೆಯವು, ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ಕಳೆದುಹೋದ ಪ್ಯಾದಿಗಳ ಜಾಗದಲ್ಲಿ ಮೆಣಸಿನಕಾಯಿ ತೊಟ್ಟು! ಆಡುವವರು ನಡುನಡುವೆ ಸೀನುವುದು ಆಟದ ಭಾಗವೇ ಆಗಿತ್ತು. ಬ್ಯಾಡಗಿಯ ಗಾಳಿ ಗೊತ್ತಲ್ಲ :-)

ನನಗೆ ಆಟ ಕಲಿಸಿದ್ದು ಆ ಕಟ್ಟೆ. ಅಲ್ಲಿನ ನಿಯಮಗಳು ಹೀಗಿದ್ದವು.

ಪ್ಯಾದಿ ಯಾವಾಗಲೂ ಒಂದೇ ಮನೆ ನಡೆಯಬೇಕು, ಮೊದಲ ನಡೆಯಲ್ಲೂ. ರಾಜನ ಎದುರಿಗೆ ರಾಜ ಕೂಡುವುದಿಲ್ಲ, ಮಂತ್ರಿ ಕೂಡುತ್ತಾನೆ. ಪ್ಯಾದಿ ಕೊನೆಯ ಸಾಲು ಮುಟ್ಟಿದರೆ ಬೇಕಾದದ್ದು ಆಗುವಂತಿಲ್ಲ. ಆನೆಯ ಸಾಲಿನಲ್ಲಿ ಮುಟ್ಟಿದರೆ ಆನೆ, ಒಂಟೆಯ ಸಾಲಿನಲ್ಲಿ ಮುಟ್ಟಿದರೆ ಒಂಟೆ. ಎದುರಾಳಿಯ ಕಾಯಿಗಳನ್ನೆಲ್ಲ ತಿಂದು ರಾಜನೊಬ್ಬನನ್ನೇ ಉಳಿಸಿದರೆ ಅದು ‘ಬುರ್ಜಿ’, ಅಂದರೆ ಆಟ ಸಮ. ಎಲ್ಲಕ್ಕಿಂತ ಮಜಾ ಅಂದರೆ, ಒಮ್ಮೆಯೂ ಶಹ ತಿನ್ನದ ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. “ರಾಜಾ ಒಂದ್ಸಲ ಕುದರಿ ಏರತಾನ” ಅನ್ನುತ್ತಿದ್ದ ಅಜ್ಜ.

ಆಮೇಲೆ 1988 ಬಂತು. ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲು. (ಆಗ ಇದೆಲ್ಲ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ.) ಹುಡುಗರಿಗೆಲ್ಲ ಚೆಸ್ಸಿನ ಹುಚ್ಚು ಹಿಡಿಯಿತು. ಹಳೇ ಪುಸ್ತಕದಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅರ್ಧ ಅರ್ಥವಾಗದಿದ್ದರೂ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು: ಬ್ಯಾಡಗಿ ಕಟ್ಟೆಯ ಆಟ ‘ತಪ್ಪು’!

ಆ ಬೇಸಿಗೆಯಲ್ಲಿ ರಾಣೆಬೆನ್ನೂರಿನಿಂದ ರೈಲು ಹತ್ತಿ, ದೇವರಗುಡ್ಡ ದಾಟಿ ಬ್ಯಾಡಗಿಯಲ್ಲಿ ಇಳಿದಾಗ ಪುಸ್ತಕ ಚೀಲದಲ್ಲೇ ಇತ್ತು. ಅಜ್ಜನ ಜೊತೆ ಆಟಕ್ಕೆ ಕೂತೆ. ನನ್ನ ಕುದುರೆ ಅವನ ಮೊದಲ ಸಾಲಿಗೇ ನುಗ್ಗಿತ್ತು. ಮುಂದಿನ ನಡೆಗೆ ಮಂತ್ರಿಯಿಂದ ಶಹ, ಅದರ ಮುಂದಿನದಕ್ಕೆ ಮಾತ್ ಅಂತ ಲೆಕ್ಕ ಹಾಕಿದ್ದೆ. ಅಜ್ಜ ಒಂದು ಚಿಟಿಕೆ ನಶ್ಯ ಏರಿಸಿ, ರಾಜನನ್ನು ಎತ್ತಿ ಕುದುರೆ ನಡೆಯಲ್ಲಿ ಆಚೆ ಇಟ್ಟುಬಿಟ್ಟ.

“ಅಜ್ಜಾ, ಹಂಗ ಹಾರಂಗಿಲ್ಲ. ಪುಸ್ತಕದಾಗ ಇಲ್ಲ.”

“ನಿನ್ನ ಪುಸ್ತಕದಾಗ ಇಲ್ಲಂದ್ರ ನನ್ನ ರಾಜ ಎಲ್ಲಿ ಹೋಗಬೇಕೋ ತಮ್ಮಾ?” ಅಂತ ಅಜ್ಜ ನಕ್ಕ. ಸುತ್ತ ಕೂತವರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. “ನಿನಗ ಚೆಸ್ ಬರೂದಿಲ್ಲ” ಅಂದವನೇ ಕಾಯಿಗಳನ್ನೆಲ್ಲ ಕೈಯಿಂದ ಬಳಿದು ಎದ್ದು ಬಂದೆ. ಆಮೇಲೆ ಅಜ್ಜ ನನ್ನನ್ನು ಆಟಕ್ಕೆ ಕರೆಯಲಿಲ್ಲ, ನಾನೂ ಕೂಡಲಿಲ್ಲ. ಆರು ವರ್ಷ ಬಿಟ್ಟು ಅಜ್ಜ ತೀರಿಕೊಂಡ. ಕಾಯಿಗಳ ಚೀಲ ನನ್ನ ಪಾಲಿಗೆ ಬಂತು.

ಎಷ್ಟೋ ವರ್ಷ ನಾನು ಹೇಳಿದ್ದೇ ಸರಿ ಅಂದುಕೊಂಡಿದ್ದೆ. ಚೆಸ್ಸಿನ ಇತಿಹಾಸ ಓದತೊಡಗಿದ ಮೇಲೆ ಒಂದೊಂದಾಗಿ ಗಂಟು ಬಿಚ್ಚಿತು.

ಮೊದಲನೆಯದು ಆ ರಾಜನ ಹಾರಾಟ. ಅದು ಬ್ಯಾಡಗಿಯವರು ಕಟ್ಟಿದ ಕತೆಯಲ್ಲ. ಭಾರತದ ಎಷ್ಟೋ ಭಾಗಗಳಲ್ಲಿ ದೇಸಿ ಚದುರಂಗದ ನಿಯಮವೇ ಅದು. ಇನ್ನೂ ಸೋಜಿಗದ ಮಾತೆಂದರೆ, ಮಧ್ಯಯುಗದ ಯುರೋಪಿನಲ್ಲೂ ರಾಜನಿಗೆ ಒಂದು ಸಲ ಹಾರುವ ಹಕ್ಕಿತ್ತು. ಕೆಲವು ಕಡೆ ಎರಡು ಮನೆ, ಕೆಲವು ಕಡೆ ಕುದುರೆಯಂತೆಯೇ. ಆ ಹಾರಾಟವೇ ನಿಧಾನವಾಗಿ ಆನೆಯ ಜೊತೆ ಸೇರಿಕೊಂಡು ಇವತ್ತಿನ ‘ಕ್ಯಾಸ್ಲಿಂಗ್’ ಆಯಿತು. ಅಂದರೆ, ನನ್ನ ಪುಸ್ತಕದ ಕ್ಯಾಸ್ಲಿಂಗೂ ಅಜ್ಜನ ಕುದುರೆ ಸವಾರಿಯೂ ಅಣ್ಣತಮ್ಮಂದಿರು! ಒಬ್ಬ ಓದಿ ಪಟ್ಟಣ ಸೇರಿದ, ಇನ್ನೊಬ್ಬ ಊರಲ್ಲೇ ಉಳಿದ, ಅಷ್ಟೇ.

ಅಜ್ಜನ ಆಟವೂ ಪೂರ್ತಿ ಪುರಾತನವೇನಲ್ಲ. ಹಳೆಯ ಆಟದಲ್ಲಿ ಮಂತ್ರಿ ಬಡಪಾಯಿ, ಮೂಲೆಗೆ ಒಂದೇ ಮನೆ ಸರಿಯುತ್ತಿದ್ದ. 15ನೇ ಶತಮಾನದ ಕೊನೆಯ ಹೊತ್ತಿಗೆ ಸ್ಪೇನಿನ ಕಡೆ ಮಂತ್ರಿಯನ್ನು ರಾಣಿ ಮಾಡಿ, ಹಲಗೆ ತುಂಬ ಓಡಾಡುವ ಬಲ ಕೊಟ್ಟರು. ಆ ಬದಲಾವಣೆ ಯುರೋಪಿನವರ ಜೊತೆ ಇಲ್ಲಿಗೂ ಬಂತು. ನಮ್ಮವರು ಬಲ ತೆಗೆದುಕೊಂಡರು, ರಾಣಿ ಬೇಡ ಅಂತ ಮಂತ್ರಿಯನ್ನೇ ಇಟ್ಟುಕೊಂಡರು. ಪ್ಯಾದಿಯ ಎರಡು ಮನೆ ಜಿಗಿತವನ್ನು ಬಿಟ್ಟರು. ‘ಶಹ’, ‘ಮಾತ್’, ‘ಪ್ಯಾದಿ’ ಮಾತುಗಳು ಪಾರಸಿಯಿಂದ ಬಂದವು. ಒಂದು ಆಟದೊಳಗೆ ಎಷ್ಟು ದೇಶ ನೋಡಿ.

ಈ ದೇಸಿ ನಿಯಮದಲ್ಲೇ ಬೆಳೆದ ಒಬ್ಬನ ಕತೆ ಎಲ್ಲರೂ ಓದಬೇಕು. ಪಂಜಾಬಿನ ಮೀರ್ ಸುಲ್ತಾನ್ ಖಾನ್. ಬಾಲ್ಯದಲ್ಲಿ ಕಲಿತದ್ದು ನಮ್ಮ ಅಜ್ಜನಂಥವರ ಆಟ. ದೊಡ್ಡವನಾದ ಮೇಲೆ ಯುರೋಪಿನ ನಿಯಮ ಕಲಿತು, 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದ. ಮರುವರ್ಷವೇ ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ಚಾಂಪಿಯನ್! 1932, 1933ರಲ್ಲಿ ಮತ್ತೆ ಅವನೇ. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕನನ್ನೂ ಒಮ್ಮೆ ಮಣಿಸಿದ. ಓಪನಿಂಗ್ ಜ್ಞಾನ ಕಡಿಮೆ, ಆದರೆ ಆಟ ಕೊನೆಗೆ ಬಂದಂತೆ ಅವನನ್ನು ಹಿಡಿಯುವವರಿರಲಿಲ್ಲ. 1966ರಲ್ಲಿ ತೀರಿಕೊಂಡ. ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಿಕ್ಕಿದ್ದು 2024ರಲ್ಲಿ. ‘ನಿನಗ ಚೆಸ್ ಬರೂದಿಲ್ಲ’ ಅಂತ ಅವನಿಗೆ ಹೇಳಲು ಯಾರಿಗೆ ಧೈರ್ಯ ಇತ್ತು?

ನಮ್ಮ ಸೀಮೆಯಲ್ಲಿ ಈ ಆಟ ಎಷ್ಟು ಹಳೆಯದು ಅಂತ ಕೇಳಿದರೆ, ದಾರಿ ಕಲ್ಯಾಣದ ಚಾಲುಕ್ಯರ ಹತ್ತಿರ ಹೋಗುತ್ತದೆ. ನಾನೀಗ ಇರುವುದು ಹಾವೇರಿಯಲ್ಲಿ. ಸಂಜೆ ತಿರುಗಾಡಲು ಹೋದಾಗ ಪುರಸಿದ್ದೇಶ್ವರ ಗುಡಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂಡುತ್ತೇನೆ. ಪಶ್ಚಿಮಕ್ಕೆ ಮುಖ ಮಾಡಿದ ಗುಡಿ ಅದು, ಅದೇ ಚಾಲುಕ್ಯರ ಕಾಲದ್ದು. ಅವರಲ್ಲಿ ಮೂರನೇ ಸೋಮೇಶ್ವರ ಅಂತ ಒಬ್ಬ ದೊರೆ, ಆಳಿದ್ದು 1126ರಿಂದ 1138. ಯುದ್ಧಕ್ಕಿಂತ ಹೆಚ್ಚಾಗಿ ಪುಸ್ತಕದಿಂದ ಹೆಸರಾದವನು. 1129ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆ, ಆನೆ, ಮೀನು ಹಿಡಿಯುವುದು, ಸಂಗೀತ, ಔಷಧ, ಏನುಂಟು ಏನಿಲ್ಲ! ಅದರಲ್ಲಿ ಚದುರಂಗವೂ ಇದೆ. ಕಾಯಿಗಳನ್ನು ಹೂಡುವುದು, ನಡೆಸುವುದು, ಜೊತೆಗೆ ಕುದುರೆಯೊಂದು ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿ. ಇದೇ ಕುದುರೆಯ ಲೆಕ್ಕವನ್ನು ಗಣಿತಜ್ಞ ಆಯ್ಲರ್ ಕೈಗೆತ್ತಿಕೊಂಡದ್ದು 1759ರಲ್ಲಿ. ಸೋಮೇಶ್ವರನಾಗಿ ಆರುನೂರು ವರ್ಷ ಕಳೆದ ಮೇಲೆ.

ನನಗೆ ಹಿಡಿಸಿದ್ದು ಆ ಪುಸ್ತಕದ ಜೋಡಣೆ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಮೊದಲು ರಾಜ್ಯ ಗಳಿಸುವುದು, ಆಮೇಲೆ ಅದನ್ನು ಉಳಿಸುವುದು, ಆಮೇಲೆ ಉಪಭೋಗ, ವಿನೋದ, ಕಟ್ಟಕಡೆಗೆ ಕ್ರೀಡೆ. ಚದುರಂಗ ಇರುವುದು ಆ ಕಡೆಯ ಭಾಗದಲ್ಲಿ. ನಿಜವಾದ ಆನೆ ಕುದುರೆ ಕಾಲಾಳುಗಳನ್ನು ಇಟ್ಟುಕೊಂಡಿದ್ದ ದೊರೆ, ಕಟ್ಟಿಗೆಯ ಆನೆ ಕುದುರೆಗಳನ್ನು ರಾಜ್ಯಭಾರದ ಜೊತೆ ಸೇರಿಸಲಿಲ್ಲ, ಸಂತೋಷದ ಜೊತೆ ಸೇರಿಸಿದ. ನಿಜವಾದ ಚತುರಂಗ ಬಲದ ಆಟ ಹೇಗಿರುತ್ತದೆ ಅನ್ನುವುದನ್ನು ನೋಡಬೇಕಾದರೆ ಹಾನಗಲ್ಲಿನ ತಾರಕೇಶ್ವರ ಗುಡಿಯ ವೀರಗಲ್ಲು ನೋಡಿ. ಅಲ್ಲಿ ಬಿದ್ದವರನ್ನು ಮತ್ತೆ ಹೂಡಲು ಬರುವುದಿಲ್ಲ. ನಾನೋ, ರೇಟಿಂಗು ಮೂವತ್ತು ಇಳಿದದ್ದಕ್ಕೆ ನಿದ್ದೆ ಬಿಟ್ಟವನು.

ಇದಕ್ಕೆ ತಿರುವುಮುರುವಾದ ಇನ್ನೊಬ್ಬ ದೊರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಕಂಪನಿ ಸರ್ಕಾರ ಅವರ ಕೈಯಿಂದ ಆಡಳಿತ ಕಿತ್ತುಕೊಂಡಿತು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ಹೆಸರಿಗಷ್ಟೇ ರಾಜ. ಆದರೆ ಅವರು ಕುದುರೆ ನಡೆಯ ಎಷ್ಟೊಂದು ಬಂಧಗಳನ್ನು, ಮಾಯಾಚೌಕಗಳನ್ನು ಕಟ್ಟಿದರು! ಗಂಜೀಫಾದಲ್ಲೂ ಹೊಸ ಹೊಸ ಆಟ ಹುಟ್ಟಿಸಿದರು. ರಾಜ್ಯವಿಲ್ಲದ ರಾಜನಿಗೆ ಹಲಗೆಯ ಮೇಲಿನ ಅರವತ್ನಾಲ್ಕು ಮನೆಯನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಅದೇ ಮೈಸೂರಿನ ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು.

ಇನ್ನು ದೇಸಿಯಿಂದ ವಿಲಾಯ್ತಿಗೆ ದಾಟಿದ ಕತೆ. 1814ರಲ್ಲಿ ಮುಂಬೈಯಲ್ಲಿ ಒಂದು ಪುಸ್ತಕ ಅಚ್ಚಾಯಿತು. ತಿರುವೆಂಗಡಾಚಾರ್ಯ ಶಾಸ್ತ್ರಿಗಳು ಸಂಸ್ಕೃತದಲ್ಲಿ ಬರೆದದ್ದರ ಇಂಗ್ಲಿಷ್ ರೂಪ. ಯುರೋಪಿನ ಪದ್ಧತಿಗೆ ಹೊಂದಿಸಿದ ಆಟದ ಸನ್ನಿವೇಶಗಳು, ಕಲಿಯುವವರ ಸುಧಾರಣೆಗಾಗಿ. ಆಗ ನಮ್ಮ ಹಾವೇರಿ-ರಾಣೆಬೆನ್ನೂರು ಸೀಮೆ ಇನ್ನೂ ಪೇಶ್ವೆಗಳದ್ದು. ಕಂಪನಿಯ ಕೈಗೆ ಹೋಗಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1818ರಲ್ಲಿ. ನನಗೆ ಇಲ್ಲಿ ನಾಚಿಕೆಯಾಗುತ್ತದೆ. ಶಾಸ್ತ್ರಿಗಳು ಎರಡೂ ಪದ್ಧತಿಗಳನ್ನು ತಿಳಿದು, ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದರು. ನಾನು ಒಂದನ್ನು ಅರೆಬರೆ ಕಲಿತು ಇನ್ನೊಂದನ್ನು ಕೈಯಿಂದ ಬಳಿದು ಬಂದೆ.

ಸರಿ, ಇದರಿಂದ ಆಟ ಸುಧಾರಿಸಿತೇ? ಸ್ವಲ್ಪ ಸುಧಾರಿಸಿತು ಅಂತಲೇ ಹೇಳುತ್ತೇನೆ.

ದಿನಾ ಐದು ನಿಮಿಷ ಸೋಮೇಶ್ವರನ ಕುದುರೆಯನ್ನು ಓಡಿಸುತ್ತೇನೆ. ಖಾಲಿ ಹಲಗೆ, ಒಂದು ಕುದುರೆ, ಅರವತ್ನಾಲ್ಕು ಮನೆ. ನಲವತ್ತು ದಾಟುವ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದೆ, ಈಗ ಆಗೀಗ ಪೂರ್ತಿ ಆಗುತ್ತದೆ. ಮೂಲೆಯ ಕುದುರೆಗೆ ಎರಡೇ ದಾರಿ, ನಡುವಿನ ಕುದುರೆಗೆ ಎಂಟು ಅಂತ ಪುಸ್ತಕದಲ್ಲಿ ನೂರು ಸಲ ಓದಿದ್ದು ಬೆರಳಿಗೆ ಹತ್ತಿದ್ದು ಈಗ.

ಎರಡನೆಯದು, ವಾರಕ್ಕೊಂದು ಆಟ ಅಜ್ಜನ ನಿಯಮದಲ್ಲಿ. ಪ್ಯಾದಿ ಒಂದೇ ಮನೆ ನಡೆಯುವುದರಿಂದ ಬಾಯಿಪಾಠದ ಓಪನಿಂಗ್ ಕೆಲಸಕ್ಕೆ ಬರುವುದಿಲ್ಲ, ಮೊದಲ ನಡೆಯಿಂದಲೇ ತಲೆ ಓಡಬೇಕು. ಯಾವ ಸಾಲಿನ ಪ್ಯಾದಿಯನ್ನು ದೂಡಬೇಕು ಅಂತ ಬಹಳ ಮುಂಚೆಯೇ ಯೋಚಿಸಬೇಕು. ಬುರ್ಜಿಯ ಭಯ ಇನ್ನೂ ದೊಡ್ಡ ಗುರು. ಎದುರಾಳಿಯದನ್ನೆಲ್ಲ ಹಪಹಪಿಸಿ ತಿಂದವನಿಗೆ ಗೆಲುವಿಲ್ಲ. ಅವನಿಗೂ ಒಂದಿಷ್ಟು ಉಳಿಸಿಯೇ ಮಾತ್ ಮಾಡಬೇಕು. ಸುಲ್ತಾನ್ ಖಾನನ ಕೊನೆಯಾಟ ಯಾಕೆ ಅಷ್ಟು ಗಟ್ಟಿಯಿತ್ತು ಅನ್ನುವುದಕ್ಕೆ ನನ್ನದೊಂದು ಅಂದಾಜು ಇದೇ.

ಹೋದ ಭಾನುವಾರ ಮಗಳ ಜೊತೆ ಆಡುತ್ತಿದ್ದೆ. ಏಳನೇ ಕ್ಲಾಸು, ಮೊಬೈಲಿನಲ್ಲೇ ಕಲಿತವಳು, ನನ್ನನ್ನು ಸುಲಭವಾಗಿ ಸೋಲಿಸುತ್ತಾಳೆ. ಅಜ್ಜನ ಕೆಂಪು-ಹಸಿರು ಕಾಯಿ ಹೂಡಿದ್ದೆವು. ನಾನು ರಾಜನನ್ನು ಕುದುರೆಯಂತೆ ಹಾರಿಸಿದೆ. “ಅಪ್ಪಾ, ಹಂಗ ಹಾರಂಗಿಲ್ಲ!” ಅಂದಳು. ಅದೇ ಮಾತು, ಅದೇ ದನಿ. ನಗು ಬಂತು, ಆಮೇಲೆ ಗಂಟಲು ಕಟ್ಟಿತು. ಇಡೀ ಕತೆ ಹೇಳಿದೆ.

ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು: “ಹಂಗಾದ್ರ ಅವತ್ತಿನ ಆಟ ಯಾರು ಗೆದ್ರು?”

ಈವರೆಗೆ ಯಾರಿಗೂ ಹೇಳದ ಮಾತು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ಅವತ್ತು ಅಜ್ಜನ ರಾಜ ಎದ್ದುಹೋದ ಸಾಲಿನಲ್ಲಿ ಅವನ ಆನೆಗೆ ದಾರಿ ತೆರೆದಿತ್ತು, ಅದರ ತುದಿಗೆ ನನ್ನ ಕುದುರೆ ಸಿಕ್ಕಿಬಿದ್ದಿತ್ತು. ಅದು ನನಗೆ ಆಗಲೇ ಕಂಡಿತ್ತು. ಪುಸ್ತಕದಲ್ಲಿ ಇಲ್ಲ ಅಂತ ಕೂಗಿದ್ದು ನಿಯಮಕ್ಕಾಗಿ ಅಲ್ಲ, ಸೋಲುತ್ತಿದ್ದೆ ಅಂತ.

“ಅಂದ್ರ ಮುತ್ತಜ್ಜ ಗೆದ್ದಂಗ” ಅಂದಳು ಮಗಳು. ಹೌದು ಅಂದೆ. ಮತ್ತೆ ಕಾಯಿ ಹೂಡಿದೆವು, ಪ್ಯಾದಿ ಒಂದೇ ಮನೆ ಅಂತ ಮೊದಲೇ ಮಾತಾಡಿಕೊಂಡು. ಸೋತೆ. ಆದರೆ ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು.

ನಿಮ್ಮ ಮನೆಯಲ್ಲಿ ಚದುರಂಗ ಬಲ್ಲ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ, ಅವರ ರಾಜ ಹಾರುತ್ತಿದ್ದನೇ, ಎಷ್ಟು ಸಲ, ಶಹ ತಿಂದ ಮೇಲೂ ಹಾರಬಹುದಿತ್ತೇ ಅಂತ. ಕೇಳಿದ್ದನ್ನು ಎಲ್ಲಾದರೂ ಬರೆದಿಡಿ. ನಾನು ಕೇಳುವ ಹೊತ್ತಿಗೆ ಬ್ಯಾಡಗಿಯ ಆ ಕಟ್ಟೆಯ ಮೇಲೆ ಯಾರೂ ಉಳಿದಿರಲಿಲ್ಲ.